ನಮ್ಮ ಮನೆಗಳ ಸಿಹಿತಿಂಡಿ: ಒಂದು ಚಾರಿತ್ರಿಕ ಅವಲೋಕನ

ನಮ್ಮ ಇಗರ್ಜಿಯ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಕಟ್ಟಡದ ಇತಿಹಾಸವಿದೆ, ಸೇವೆ ಸಲ್ಲಿಸಿದ ಧರ್ಮಗುರುಗಳ ಪಟ್ಟಿಯಿದೆ, ಗುರ್ಕಾರರ ಹಾಗೂ ದಾನಿಗಳ ಭಾವಚಿತ್ರಗಳಿವೆ. ಇವೆಲ್ಲವೂ ಇರತಕ್ಕವೇ. ಆದರೆ ಈ ನೂರು ವರ್ಷಗಳಲ್ಲಿ ನಮ್ಮ ಹಬ್ಬಗಳನ್ನು ಹಬ್ಬವಾಗಿಸಿದ ಮತ್ತೊಂದು ದುಡಿಮೆಯುಂಟು. ಅದು ಇಗರ್ಜಿಯ ಯಾವ ದಫ್ತರದಲ್ಲಿಯೂ ದಾಖಲಾಗಿಲ್ಲ. ಕ್ರಿಸ್ಮಸ್ ಬಂದರೆ ಕುಸ್ವಾರ, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ ಹೊಸ ಅಕ್ಕಿಯ ಊಟದೊಂದಿಗೆ ವೊರ್ನ್, ಜ್ಞಾನಸ್ನಾನಕ್ಕೆ ಲಾಡು, ಮಳೆಗಾಲದ ಸಂಜೆ ಶಾಲೆಯಿಂದ ನೆನೆದು ಬಂದ ಮಕ್ಕಳಿಗೆ ಒಂದು ತುಂಡು ರಾಗಿ ಮಣ್ಣಿ; ಇವುಗಳನ್ನು ಮಾಡಿಕೊಟ್ಟ ಕೈಗಳ ದುಡಿಮೆ ಅದು. ವಿಚಾರಣಾ ಗುರುವಾದವನು ತಿಂಡಿಯ ಬಗ್ಗೆ ಬರೆಯುವುದೇ ಎಂದು ಕೆಲವರು ಮುಗುಳ್ನಗಬಹುದು. ಪ್ರಭು ಕ್ರಿಸ್ತರು ಸ್ವರ್ಗಸಾಮ್ರಾಜ್ಯವೆಂದರೇನೆಂದು ತಿಳಿಸಬೇಕಾದಾಗ ಹಿಟ್ಟಿನಲ್ಲಿ ಹುಳಿ ಬೆರೆಸಿದ ಒಬ್ಬ ಹೆಂಗಸಿನ ಕಡೆಗೆ ಕೈ ತೋರಿಸಿದರೆಂಬುದನ್ನು ಅವರು ನೆನೆಯಲಿ.

ಕುಸ್ವಾರವೆಂಬ ಶಬ್ದವು ಪೋರ್ಚುಗೀಸ್ ಭಾಷೆಯ 'ಕೊನ್ಸೊವಾದ' ಎಂಬುದರಿಂದ ಬಂದಿತೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಕ್ರಿಸ್ಮಸ್ಸಿನ ಮುನ್ನಾರಾತ್ರಿಯ ಭೋಜನಕ್ಕೆ ಪೋರ್ಚುಗಲ್ಲಿನಲ್ಲಿ ಇಂದಿಗೂ ಅದೇ ಹೆಸರು. ಗೋವೆಯಲ್ಲಿ ಅದು ಹಬ್ಬಕ್ಕೆ ನೆರೆಹೊರೆಗೆ ಕಳುಹಿಸುವ ತಿಂಡಿಯ ತಟ್ಟೆಗೆ ಹೆಸರಾಯಿತು. ನಮ್ಮ ಹಿರಿಯರೊಡನೆ ಆ ಹೆಸರೂ ಈ ಸೀಮೆಗೆ ಬಂದಿತು. ಹೆಸರು ಹೊರಗಿನದಾದರೂ ತಟ್ಟೆಯೊಳಗಿನ ಸರಕು ಬಹುಪಾಲು ಈ ಮಣ್ಣಿನದೇ ಎಂಬುದನ್ನು ಗಮನಿಸಬೇಕು.

ಗೋವೆಗೂ ಈ ಸೀಮೆಗೂ ಇದ್ದ ಹಳೆಯ ನಂಟು ಅಕ್ಕಿಯದು. ಬಸ್ರೂರು ಆ ಕಾಲದಲ್ಲಿ ಅಕ್ಕಿಯ ದೊಡ್ಡ ಬಂದರು. ಗೋವೆಯಲ್ಲಿದ್ದ ಪೋರ್ಚುಗೀಸರು ತಮ್ಮ ಊಟಕ್ಕೆ ಬಹುಮಟ್ಟಿಗೆ ಕೆನರಾ ಕರಾವಳಿಯ ಅಕ್ಕಿಯನ್ನೇ ನಂಬಿದ್ದರು. 1569ರಲ್ಲಿ ವೈಸರಾಯ್ ಲೂಯಿಸ್ ದ ಅತಾಯ್ದೆ ಇಲ್ಲಿಯ ಕೋಟೆಯನ್ನು ವಶಪಡಿಸಿಕೊಂಡುದಕ್ಕೆ ಈ ವ್ಯಾಪಾರವೂ ಒಂದು ಕಾರಣ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಸ್ಥಾಪನೆಯೂ ಅದೇ ಕಾಲದ್ದು, 1570ರದು. ಬಸ್ರೂರಿನ ಸಂಪತ್ತು ಎಷ್ಟಿತ್ತೆಂದರೆ 1665ರಲ್ಲಿ ಛತ್ರಪತಿ ಶಿವಾಜಿಯೂ ಹಡಗುಗಳೊಡನೆ ಬಂದು ಅದರ ಮೇಲೆ ದಾಳಿಯಿಟ್ಟನು. ಹೀಗೆ ನಮ್ಮ ಹಿರಿಯರು ಗೋವೆಯನ್ನು ಬಿಟ್ಟು ಇತ್ತ ಬರುವ ಮುನ್ನವೇ ಈ ಸೀಮೆಯ ಅಕ್ಕಿ ಅತ್ತ ಹೋಗಿತ್ತು. ಬಳಿಕ ಬರಗಾಲ, ತೆರಿಗೆ, 1560ರಲ್ಲಿ ಆರಂಭವಾದ ಧರ್ಮವಿಚಾರಣೆಯ ಭಯ, 1683ರ ಮರಾಠಾ ಯುದ್ಧ ಇತ್ಯಾದಿ ಕಾರಣಗಳಿಂದ ಕುಟುಂಬಗಳು ತಂಡತಂಡವಾಗಿ ದಕ್ಷಿಣಕ್ಕೆ ಬಂದವು. ಕೆಳದಿಯ ನಾಯಕರ ರಾಜ್ಯದಲ್ಲಿ ಒಕ್ಕಲುಗಳಾಗಿ ನೆಲೆಸಿದವು.

1784ರಲ್ಲಿ ಟಿಪ್ಪುಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದುದು, 1799ರವರೆಗಿನ ಹದಿನೈದು ವರ್ಷಗಳ ಆ ಸಂಕಟ ನಮ್ಮೆಲ್ಲರಿಗೂ ತಿಳಿದದ್ದು. ಇಗರ್ಜಿಗಳು ಕೆಡವಲ್ಪಟ್ಟವು, ಭೂಮಿ ಕೈತಪ್ಪಿತು, ದಾಖಲೆಗಳು ಅಳಿದುಹೋದವು. ಬದುಕುಳಿದು ಮರಳಿದವರು ಬರಿಗೈಯಲ್ಲಿ ಮರಳಿದರು. ಆದರೂ ಹಬ್ಬದ ಅಡುಗೆ ಉಳಿಯಿತು. ಬರೆದಿಟ್ಟುದನ್ನು ಸುಡಬಹುದು, ಕಟ್ಟಿದುದನ್ನು ಕೆಡವಬಹುದು. ತಾಯಿ ಮಗಳಿಗೆ ಕೈಯಿಂದ ಕೈಗೆ ದಾಟಿಸಿದ ವಿದ್ಯೆಯನ್ನು ಹಾಗೆ ಕಸಿದುಕೊಳ್ಳಲಾಗದು.

ಈ ವಿದ್ಯೆ ಎಂತಹುದೆಂಬುದನ್ನು ನಮ್ಮ ಕಿರಿಯರಿಗಾಗಿ ಸ್ವಲ್ಪ ವಿವರಿಸಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಗದ್ದೆಗಳಲ್ಲಿ ಗೋಧಿ ಬೆಳೆಯುವುದಿಲ್ಲ. ಮನೆಗಳಲ್ಲಿ ರೊಟ್ಟಿ ಸುಡುವ ಗೂಡೊಲೆಯೂ ಇರಲಿಲ್ಲ. ಇದ್ದುದು ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಳ್ಳು, ಏಲಕ್ಕಿ ಮತ್ತು ಪೋರ್ಚುಗೀಸರು ಬ್ರೆಜಿಲಿನಿಂದ ತಂದು ಈ ಕರಾವಳಿಯಲ್ಲಿ ಬೇರೂರಿಸಿದ ಗೇರು. ಆದಕಾರಣ ನಮ್ಮ ಕುಸ್ವಾರದ ಹೆಚ್ಚಿನ ತಿಂಡಿಗಳು ಎಣ್ಣೆಯಲ್ಲಿ ಕರಿದವು. ಅಕ್ಕಿಹಿಟ್ಟನ್ನು ತೆಂಗಿನಹಾಲಿನಲ್ಲಿ ಕಲಸಿ ಗೋಲಿಯಷ್ಟು ಉಂಡೆ ಮಾಡಿ ಕರಿದರೆ ಗುಳಿಯೊ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿ, ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಕಿಡಿಯೊ. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಕಾಯಿಸಿ, ತೆಳ್ಳಗಿನ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರೆ ಕೊಕ್ಕಿಸಾಂ. ನೆವ್ರಿಯಂತೂ ನಮ್ಮ ಹಿಂದೂ ಬಾಂಧವರ ಕರ್ಜಿಕಾಯಿಯ ಒಡಹುಟ್ಟು. ಹುರಿದ ಕುಚ್ಚಲಕ್ಕಿಯ ಹಿಟ್ಟಿಗೆ ಬೆಲ್ಲ, ತೆಂಗಿನತುರಿ ಸೇರಿಸಿದ ಲಾಡು ಬಡವರ ಮನೆಯಲ್ಲಿಯೂ ತಪ್ಪುತ್ತಿರಲಿಲ್ಲ.

ಬೇಯಿಸುವ ತಿಂಡಿಗಳಲ್ಲಿ ಮುಖ್ಯವಾದುದು ಬಾತ್. ರವೆಯನ್ನೂ ಅರೆದ ತೆಂಗಿನಕಾಯಿಯನ್ನೂ ಸಕ್ಕರೆ ಪಾಕದಲ್ಲಿ ಬೆರೆಸಿ ರಾತ್ರಿಯಿಡೀ ನೆನೆಯಲು ಬಿಟ್ಟು, ಬೆಳಿಗ್ಗೆ ಮೊಟ್ಟೆ, ತುಪ್ಪ ಸೇರಿಸುತ್ತಿದ್ದರು. ಗೂಡೊಲೆಯಿಲ್ಲದ ಮನೆಯಲ್ಲಿ ಇದು ಬೇಯುತ್ತಿದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ದೊಡ್ಡ ಪಾತ್ರೆಯ ತಳದಲ್ಲಿ ಮರಳು, ಅದರ ಮೇಲೆ ಬಾಳೆಯೆಲೆ ಹಾಸಿದ ಬೋಗುಣಿ, ಬಾಯಿಗೆ ಕಬ್ಬಿಣದ ತಗಡು, ತಗಡಿನ ಮೇಲೆ ಗೆರಟೆಯ ಕೆಂಡ. ಕೆಳಗಿನ ಬೆಂಕಿ ಮಂದವಾಗಿರಬೇಕು, ಮೇಲಿನದು ಹೆಚ್ಚಿರಬೇಕು. ತಪ್ಪಿದರೆ ತಳ ಕರಿದಾಗಿ ನಡು ಹಸಿಯಾಗಿಯೇ ಉಳಿಯುತ್ತದೆ. ನನ್ನ ಅಜ್ಜಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಪರಿಮಳ ಹಿತ್ತಿಲ ಬಾಗಿಲಿಗೆ ತಲುಪಿದಾಗ ಅವರು ತೆಂಗಿನ ಗರಿಯ ಕಡ್ಡಿಯನ್ನು ಚುಚ್ಚಿ ನೋಡುತ್ತಿದ್ದರು. ಕಡ್ಡಿಗೆ ಹಿಟ್ಟು ಅಂಟದೆ ಬಂದರೆ ಶಿಲುಬೆಯ ಗುರುತು ಹಾಕಿ ಕೆಂಡ ಇಳಿಸುತ್ತಿದ್ದರು.

ರಾಜ್ಯದ ಕಾನೂನುಗಳೂ ಈ ಅಡುಗೆಮನೆಯನ್ನು ಹೊಕ್ಕಿದ್ದುಂಟು. ಹಬ್ಬದ ಸಾನ್ನ ಉಬ್ಬಿಬರಲು ಶೇಂದಿಯ ಹುಳಿಯೇ ಆಧಾರ. 1948ರಲ್ಲಿ ಪಾನನಿರೋಧವು ಇಡೀ ಮದರಾಸು ಪ್ರಾಂತಕ್ಕೆ ಅನ್ವಯವಾದಾಗ, ಆ ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ ಒಂದು ಕುಡ್ತೆ ಶೇಂದಿಗೂ ಪರದಾಡುವಂತಾಯಿತು. ಎರಡನೆಯ ಮಹಾಯುದ್ಧದ ಪಡಿತರ ಪದ್ಧತಿಯು ಅಕ್ಕಿಗೂ ಸಕ್ಕರೆಗೂ ಅಳತೆ ಗೊತ್ತುಮಾಡಿತು; ಕ್ರಮೇಣ ಮೈದಾ ಮನೆಗಳಿಗೆ ಬಂದಿತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ತುಪ್ಪದ ಸ್ಥಾನದಲ್ಲಿ ಕುಳಿತಿತು. ಮುಂಬಯಿಯಲ್ಲಿ ದುಡಿಯುತ್ತಿದ್ದವರು ರಜೆಗೆ ಬರುವಾಗ ಗುಂಡಗಿನ ವಿದ್ಯುತ್ ಒಲೆ ತಂದರು. 1970ರ ದಶಕದ ಬಳಿಕ ಕೊಲ್ಲಿ ರಾಷ್ಟ್ರಗಳಿಗೆ ಹೋದವರು ಹಾಲಿನಪುಡಿ, ಬೆಣ್ಣೆಯ ಡಬ್ಬಿ, ವೆನಿಲ್ಲಾ ಸೀಸೆ ತಂದರು. ಹೀಗೆ ಕೇಕ್ ಎಂಬುದು ನಮ್ಮ ಮನೆಯ ತಿಂಡಿಯಾಯಿತು. ಕೇರಳದ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಎಂಬವರು 1883ರಲ್ಲಿಯೇ ಕ್ರಿಸ್ಮಸ್ ಕೇಕ್ ತಯಾರಿಸಿದರೆಂದು ಪ್ರತೀತಿಯಿದೆ. ನಮ್ಮ ಹಳ್ಳಿಗಳಿಗೆ ಅದು ಬರಲು ಮುಂದೆ ಹಲವು ದಶಕಗಳು ಹಿಡಿದವು.

ತಟ್ಟೆಯಲ್ಲಿ ಏನಿತ್ತೆಂಬುದನ್ನು ಹೇಳಿದ್ದಾಯಿತು. ಅದು ಎಲ್ಲಿಗೆ ಹೋಗುತ್ತಿತ್ತೆಂಬುದು ಅದಕ್ಕಿಂತ ಮುಖ್ಯ. ಕುಸ್ವಾರವನ್ನು ಮನೆಯವರು ತಿನ್ನಲೆಂದೇ ಯಾರೂ ಮಾಡುತ್ತಿರಲಿಲ್ಲ. ಕಸೂತಿಯ ಬಟ್ಟೆ ಮುಚ್ಚಿದ ತಟ್ಟೆ ಬಂಟರ ಮನೆಗೆ, ಬಿಲ್ಲವರ ಮನೆಗೆ, ಕಡಲತಡಿಯ ಮೊಗವೀರರ ಮನೆಗೆ, ಗಂಗೊಳ್ಳಿಯ ಮುಸ್ಲಿಂ ನೆರೆಯವರ ಮನೆಗೆ ಹೋಗುತ್ತಿತ್ತು. ಹೋದ ತಟ್ಟೆ ಬರಿದಾಗಿ ಮರಳುತ್ತಿರಲಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿರುತ್ತಿತ್ತು. ಚೌತಿಗೆ ಪಂಚಕಜ್ಜಾಯ, ದೀಪಾವಳಿಗೆ ಉಂಡೆ ನಮ್ಮ ಮನೆಗೆ ಬರುತ್ತಿದ್ದವು. ನಾಗರಪಂಚಮಿಗೆ ಅವರು ಅರಶಿನದೆಲೆಯಲ್ಲಿ ಬೇಯಿಸುವ ಕಡುಬನ್ನೇ ನಾವು ಪತೊಳಿಯೆಂದು ಮಾಡುತ್ತೇವೆ. ಬ್ರಹ್ಮಾವರದ ಸಿರಿಯನ್ ಆರ್ಥೊಡಾಕ್ಸ್ ಸಹೋದರರು ನಮ್ಮದೇ ಕೊಂಕಣಿ ಮನೆತನಗಳವರು. 19ನೆಯ ಶತಮಾನದ ಕೊನೆಯಲ್ಲಿ ಬಲಿಪೀಠಗಳು ಬೇರೆಯಾದವು. ಕುಸ್ವಾರದ ತಟ್ಟೆ ಬೇರೆಯಾಗಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಗುರುದೀಕ್ಷೆ ಪಡೆದ ಹೊಸತರಲ್ಲಿ, ಸಹಾಯಕ ಗುರುವಾಗಿದ್ದ ಕಾಲದಲ್ಲಿ, ಆಗಮನಕಾಲದ ಒಂದು ಪ್ರಸಂಗದಲ್ಲಿ ನಾನು ತಿಂಡಿತಿನಿಸಿನ ಖರ್ಚನ್ನು ಕಟುವಾಗಿ ಖಂಡಿಸಿದೆ. ಸೆಮಿನರಿಯಿಂದ ಹೊರಬಂದ ಹುರುಪು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಪ್ರಭುವಿಗೆ ಸಾಲ ಮಾಡಿ ಹಬ್ಬವೇಕೆ ಎಂದು ಕೇಳಿದೆ. ಕ್ರಿಸ್ಮಸ್ಸಿನ ಬೆಳಿಗ್ಗೆ ಬಲಿಪೂಜೆಯ ಬಳಿಕ ಒಬ್ಬ ವಿಧವೆ ಸಣ್ಣ ತಟ್ಟೆಯೊಂದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಗುರುನಿವಾಸಕ್ಕೆ ಬಂದರು. ಅದರಲ್ಲಿ ಆರೋ ಏಳೋ ಅಕ್ಕಿ ಲಾಡುಗಳಿದ್ದವು. "ಪಾದ್ರ್ಯಾಬ್, ನೀವು ಹೇಳಿದ್ದು ಸರಿ. ಆದರೆ ವರ್ಷವಿಡೀ ನಾನು ನೆರೆಮನೆಯವರಿಂದ ತೆಗೆದುಕೊಳ್ಳುವವಳು. ಕೊಡುವುದಕ್ಕೆ ನನಗಿರುವುದು ಇದೊಂದೇ ದಿನ" ಎಂದರು. ನಾನು ಏನೂ ಉತ್ತರಿಸಲಿಲ್ಲ, ಉತ್ತರವಿರಲಿಲ್ಲ. ಆ ಊರಿನಲ್ಲಿ ಅತಿ ಹೆಚ್ಚು ಕುಸ್ವಾರ ಬರುತ್ತಿದ್ದುದು ಗುರುನಿವಾಸಕ್ಕೆ, ಅದನ್ನು ತಿನ್ನುತ್ತಿದ್ದವನು ನಾನು ಎಂಬುದೂ ಆಗಲೇ ಹೊಳೆಯಿತು. ಸಾಲ ಮಾಡಿ ಹಬ್ಬ ಬೇಡವೆಂದು ನಾನು ಇಂದಿಗೂ ಹೇಳುತ್ತೇನೆ. ಆದರೆ ಕೊಡುವ ಭಾಗ್ಯವನ್ನು ಬಡವರಿಂದ ಕಸಿಯುವ ಮಾತನ್ನು ಮತ್ತೆ ಎಂದೂ ಆಡಿಲ್ಲ.

ಇಂದಿನ ಸ್ಥಿತಿಯನ್ನು ನೋಡೋಣ. ಪೇಟೆಯ ಬೇಕರಿಗಳಲ್ಲಿ ಡಿಸೆಂಬರ್ ತಿಂಗಳಿಡೀ ಕುಸ್ವಾರದ ಪೊಟ್ಟಣಗಳು ಸಿಗುತ್ತವೆ. ಮಕ್ಕಳು ಬೆಂಗಳೂರಿನಲ್ಲಿ, ದುಬಾಯಿಯಲ್ಲಿ, ಕೆನಡಾದಲ್ಲಿ, ಮನೆಯಲ್ಲಿ ವೃದ್ಧರಿಬ್ಬರೇ. ಅಂತಹವರು ಪೊಟ್ಟಣ ಕೊಂಡರೆ ತಪ್ಪೆಣಿಸಬಾರದು. ದಿನವಿಡೀ ಕಚೇರಿಯಲ್ಲಿ ದುಡಿದು ಬಂದ ಹೆಣ್ಣುಮಗಳ ಮೇಲೆ ಮತ್ತೆ ಈ ಹೊರೆ ಹೊರಿಸಿ, ಗಂಡಸರು ಜಗಲಿಯಲ್ಲಿ ಕುಳಿತು ಹಳೆಯ ಕಾಲವನ್ನು ಹೊಗಳುವುದೂ ನ್ಯಾಯವಲ್ಲ. ಹಿಂದೆ ರಾತ್ರಿಯಿಡೀ ಕಿಡಿಯೊ ಸುತ್ತುವಾಗ ಗಂಡಸರೂ ಮಕ್ಕಳೂ ಜಪಮಾಲೆಯ ನಂತರ ಸುತ್ತಲೂ ಕೂರುತ್ತಿದ್ದರು. ಆ ಕೂಡುವಿಕೆ ಇಲ್ಲದಾದುದರಿಂದಲೇ ಕೆಲಸ ಭಾರವಾಯಿತು.

ಆದುದರಿಂದ ಈ ಶತಮಾನೋತ್ಸವ ವರ್ಷದಲ್ಲಿ ನನ್ನದೊಂದು ವಿನಂತಿ. ಪ್ರತಿ ವಾಳೆಯ ಯುವಕ ಯುವತಿಯರು ತಮ್ಮ ಅಜ್ಜಿಯಂದಿರ ಬಳಿ ಕುಳಿತು ಒಂದೊಂದು ತಿಂಡಿಯ ವಿಧಾನವನ್ನು ಕನ್ನಡದಲ್ಲಿಯೋ ಕೊಂಕಣಿಯಲ್ಲಿಯೋ ಬರೆದುಕೊಳ್ಳಲಿ. ಅಜ್ಜಿ ಸೇರು, ಪಾವು, ಕುಡ್ತೆಗಳ ಲೆಕ್ಕ ಹೇಳುತ್ತಾರೆ. ಮೆಟ್ರಿಕ್ ತೂಕ ಕಡ್ಡಾಯವಾದುದು 1962ರಲ್ಲಿ, ಅವರ ಕೈ ಕಲಿತುದು ಅದಕ್ಕೂ ಹಿಂದಿನವರಿಂದ. ಅವರು ಹೇಳಿದ ಅಳತೆಯನ್ನು ಹಾಗೆಯೇ ಬರೆದು, ಪಕ್ಕದಲ್ಲಿ ತೂಗಿ ನೋಡಿದ ಗ್ರಾಮನ್ನೂ ಬರೆಯಿರಿ. ಯಾರಿಂದ ಕಲಿತರೆಂದು ಕೇಳಿ ಆ ಹೆಸರನ್ನೂ ಬರೆಯಿರಿ. ಆ ಪುಸ್ತಕದ ಒಂದು ಪ್ರತಿ ಇಗರ್ಜಿಯ ದಫ್ತರಗಳ ಜೊತೆಯಲ್ಲಿಯೇ ಇರಲಿ. ಬರುವ ಕ್ರಿಸ್ಮಸ್ಸಿಗೆ ಪ್ರತಿ ಮನೆಯಲ್ಲಿ ಒಂದೇ ಒಂದು ತಿಂಡಿಯಾದರೂ ಎಲ್ಲರ ಕೈ ಸೇರಿ ಆಗಲಿ. ಅದರ ಮೊದಲ ತಟ್ಟೆ ಗುರುನಿವಾಸಕ್ಕೆ ಬೇಡ, ಹಬ್ಬವಿಲ್ಲದ ಮನೆಗೆ ಹೋಗಲಿ.

ಸೆರೆಯಲ್ಲಿಯೂ ಅಳಿಯದೆ ಬಂದುದು ನಮ್ಮ ಅಲಕ್ಷ್ಯದಿಂದ ಅಳಿಯಬಾರದು. ಸುವಾರ್ತೆಯಲ್ಲಿ ಹಿಟ್ಟಿಗೆ ಹುಳಿ ಬೆರೆಸಿದ ಆ ಹೆಂಗಸಿನ ಹೆಸರು ನಮಗೆ ತಿಳಿಯದು. ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ತಾಯಂದಿರ ಹೆಸರುಗಳಾದರೂ ಮುಂದಿನ ನೂರು ವರ್ಷಗಳ ಮಕ್ಕಳಿಗೆ ತಿಳಿಯಲಿ. ಅವರ ದುಡಿಮೆಗೆ ದೇವರು ಪ್ರತಿಫಲ ನೀಡಲಿ. ನಿಮ್ಮೆಲ್ಲರ ಮನೆಗಳ ಮೇಲೆ ಅವರ ಆಶೀರ್ವಾದವಿರಲಿ.