ಯಂತ್ರ ಸತ್ತಿಲ್ಲ, ಅದರ ಮಾತು ಕೇಳಿಸುತ್ತಿಲ್ಲ

ಹನೂರು ತಾಲ್ಲೂಕಿನ ರಾಮಾಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರವನ್ನು ಯಾರೂ ಕಂಪ್ಯೂಟರ್ ಎಂದು ಕರೆಯುವುದಿಲ್ಲ. ಮನೆಯ ಟಿ.ವಿ. ಪಕ್ಕದ ಡಿಶ್ ಪೆಟ್ಟಿಗೆಯನ್ನೂ ಅಷ್ಟೆ. ಆದರೆ ಇವುಗಳ ಒಡಲಲ್ಲಿರುವುದು ಒಂದೇ ಕೆಲಸಕ್ಕೆ ಮೀಸಲಾದ ಪುಟ್ಟ ಕಂಪ್ಯೂಟರ್. ತಂತ್ರಜ್ಞರು ಇದನ್ನು ಎಂಬೆಡೆಡ್ ವ್ಯವಸ್ಥೆ ಎನ್ನುತ್ತಾರೆ. ಇಂತಹ ಯಂತ್ರ ಕೆಟ್ಟು ಕೂತರೆ ತನ್ನ ನೋವನ್ನು ಹೇಳಿಕೊಳ್ಳುವುದು ಹೇಗೆ?

ಉತ್ತರ ಹುಡುಕಲು ಟೆಲಿಪ್ರಿಂಟರ್ ಕಾಲಕ್ಕೆ ಹೋಗಬೇಕು. ಪತ್ರಿಕಾ ಕಚೇರಿಗಳಲ್ಲಿ ಹಗಲಿರುಳೂ ಟಕಟಕ ಎನ್ನುತ್ತ ಸುದ್ದಿ ಮುದ್ರಿಸುತ್ತಿದ್ದ ಯಂತ್ರವದು. ಅಕ್ಷರವನ್ನು ವಿದ್ಯುತ್ ಸಂಕೇತಗಳಾಗಿ ಒಡೆದು, ಒಂದರ ಹಿಂದೊಂದರಂತೆ ತಂತಿಯಲ್ಲಿ ಸಾಗಿಸುವುದು ಅದರ ಕ್ರಮ. ಸಾಲಾಗಿ ಹೋಗುವುದರಿಂದ ಅದು ‘ಸೀರಿಯಲ್’. 1874ರಲ್ಲಿ ತನ್ನ ತಂತಿ ಪದ್ಧತಿಗೆ ಪೇಟೆಂಟ್ ಪಡೆದ ಫ್ರಾನ್ಸಿನ ಎಮಿಲ್ ಬೋದೊ ಹೆಸರೇ ವೇಗದ ಅಳತೆಯಾದ ‘ಬಾಡ್’ ಆಯಿತು.

1969ರ ನಂತರ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ರೂಪುಗೊಂಡಾಗ ಕಂಪ್ಯೂಟರಿನೊಡನೆ ಮಾತನಾಡಲು ಬಳಕೆಯಾದದ್ದು ಇದೇ ಟೆಲಿಟೈಪ್. ಸೆಕೆಂಡಿಗೆ 10 ಅಕ್ಷರ ಅದರ ಓಟ. ಯಂತ್ರ ಮೂಲೆ ಸೇರಿತು, ಅದರ ಹೆಸರು ಉಳಿಯಿತು. 1991ರಲ್ಲಿ ಬಂದ ಲಿನಕ್ಸ್ ಇಂದಿಗೂ ಈ ಕಿಂಡಿಗಳನ್ನು ‘ಟಿಟಿವೈ’ ಎಂದೇ ಕರೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎನ್‌ಕೋರ್ ಸಂಸ್ಥೆಯ ತಜ್ಞರು 2001ರಲ್ಲಿ ಜನಸಾಮಾನ್ಯರಿಗೆಂದು ರೂಪಿಸಿದ ‘ಸಿಂಪ್ಯೂಟರ್’ ಕೂಡ ಲಿನಕ್ಸ್ ಬಳಸಿದ ಅಂಗೈ ಯಂತ್ರವೇ.

ಪರದೆಯಿಲ್ಲದ ಯಂತ್ರ ತನ್ನ ಸಂದೇಶಗಳನ್ನು ಸೀರಿಯಲ್ ತಂತಿಗೆ ತಿರುಗಿಸುತ್ತದೆ. ಅದಕ್ಕೆ ಮೂರು ಎಳೆ ಸಾಕು: ಹೇಳಲು ಒಂದು, ಕೇಳಲು ಒಂದು, ನೆಲಕ್ಕೆ ಒಂದು. ಇತ್ತ ಲ್ಯಾಪ್‌ಟಾಪ್ ಜೋಡಿಸಿದರೆ ಮಾತು ಓದಬಹುದು. ಇಂದು ಸಾಮಾನ್ಯವಾಗಿ ಬಳಸುವ ವೇಗ 1,15,200 ಬಾಡ್, ಅಂದರೆ ಸೆಕೆಂಡಿಗೆ ಸುಮಾರು 11,500 ಅಕ್ಷರ.

ಮಾತು ಕೇಳಿಸದಿದ್ದಾಗ ತಪ್ಪು ಎಲ್ಲಿದೆ ಎಂಬುದನ್ನು ಲಕ್ಷಣವೇ ಹೇಳುತ್ತದೆ. ಅರ್ಥವಿಲ್ಲದ ಗೀಚು ಬಂದರೆ ಎರಡು ತುದಿಗಳ ವೇಗ ಬೇರೆಬೇರೆ. ಏನೂ ಬಾರದಿದ್ದರೆ ಮೊದಲು ತಂತಿ ನೋಡಬೇಕು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕೇ ಹೊರತು ಬಾಯಿಗೆ ಬಾಯಿ ಜೋಡಿಸಿದರೆ ಮೌನವೇ ಗತಿ. ಮೊದಲ ಕೆಲವು ಸಾಲು ಬಂದು ಆಮೇಲೆ ಸುಮ್ಮನಾದರೆ, ಲಿನಕ್ಸ್ ಬೇರೊಂದು ಕಿಂಡಿಯತ್ತ ಮಾತನಾಡುತ್ತಿರಬಹುದು. ಎಲ್ಲ ಸಾಲು ಬಂದೂ ಹೆಸರು ಕೇಳದಿದ್ದರೆ, ಆ ಕಿಂಡಿಯಲ್ಲಿ ಕೂತು ಬಂದವರನ್ನು ವಿಚಾರಿಸುವ ಪುಟ್ಟ ಪ್ರೋಗ್ರಾಂ ಎದ್ದಿಲ್ಲ ಎಂದರ್ಥ. ಒಂದು ಎಚ್ಚರಿಕೆ: ಹಳೆಯ ಕಂಪ್ಯೂಟರಿನ ಸೀರಿಯಲ್ ಕಿಂಡಿಯ ವೋಲ್ಟೇಜ್ ಹೆಚ್ಚು. 3.3 ವೋಲ್ಟಿನ ಸರ್ಕಿಟ್ ಬೋರ್ಡಿಗೆ ಅದನ್ನು ನೇರ ಜೋಡಿಸಿದರೆ ಬೋರ್ಡೇ ಸುಟ್ಟೀತು.

ಕಿಂಡಿ ಬದಲಾದರೆ ಏನಾಗುತ್ತದೆಂಬುದಕ್ಕೆ 2016ರಲ್ಲಿ ಬಂದ ರಾಸ್ಪ್‌ಬೆರಿ ಪೈ 3 ಒಳ್ಳೆಯ ಉದಾಹರಣೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಬೋರ್ಡ್ ಇದು. ಇದರಲ್ಲಿ ಮುಖ್ಯ ಸೀರಿಯಲ್ ಘಟಕ ಬ್ಲೂಟೂತ್ ಪಾಲಾಯಿತು. ಹೊರಗಿನ ಪಿನ್ನುಗಳಿಗೆ ಸಿಕ್ಕಿದ್ದು ಸಣ್ಣ ಘಟಕ. ಅದರ ಬಾಡ್ ಚಿಪ್ಪಿನ ಗಡಿಯಾರದ ವೇಗವನ್ನು ಅವಲಂಬಿಸಿತ್ತು. ಹಳೆಯ ಅಭ್ಯಾಸದಂತೆ ತಂತಿ ಜೋಡಿಸಿದವರಿಗೆ ಸಿಕ್ಕಿದ್ದು ಮೌನ, ಇಲ್ಲವೇ ಗೀಚು. ಬೋರ್ಡ್ ಮಾತ್ರ ಸರಿಯಾಗಿಯೇ ಇತ್ತು. ಸಂರಚನಾ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಮತ್ತೆ ಮಾತು ಬರುತ್ತಿತ್ತು.

ಇದು ತಿಳಿಯದಿದ್ದರೆ ಚೆನ್ನಾಗಿರುವ ಬೋರ್ಡ್ ಗುಜರಿ ಸೇರುತ್ತದೆ, ಹೊಸದಕ್ಕೆ ಹಣ ತೆರಬೇಕಾಗುತ್ತದೆ. ರಿಪೇರಿಯವರು ದೂರದಲ್ಲಿರುವ ಊರುಗಳಿಗೆ ಈ ನಷ್ಟ ದೊಡ್ಡದು. ತಂತಿ ಕಚೇರಿಯ ನೌಕರರು ಬಲ್ಲ ಪಾಠ ಇಂದಿಗೂ ಹಳತಾಗಿಲ್ಲ: ಅತ್ತಲಿಂದ ಸುದ್ದಿ ಬಾರದಿದ್ದರೆ ಅಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸುವ ಮುನ್ನ ತಂತಿಯನ್ನೊಮ್ಮೆ ಪರೀಕ್ಷಿಸಬೇಕು.