ಆಳಂದ ಸೀಮೆಯ ಗತಕಾಲದ ಮಹಾಸಂತೆ

ಅರಸರ ಕಾಳಗಗಳು ಶಿಲಾಶಾಸನಗಳಲ್ಲಿಯೂ ಬಖೈರುಗಳಲ್ಲಿಯೂ ಬರೆಯಲ್ಪಟ್ಟು ಉಳಿದಿರುವವು. ಒಕ್ಕಲಿಗನು ಎತ್ತು ಕೊಂಡ ಸಂತೆಯ ವೃತ್ತಾಂತವಾದರೋ ಬಾಯಿಂದ ಬಾಯಿಗೆ ಸಾಗಿ, ಹೇಳುವ ಹಿರಿಯರು ಲಿಂಗೈಕ್ಯರಾದೊಡನೆ ಮರೆಯಾಗುವುದು. ನರೋಣಾ ಮೊದಲಾದ ಗ್ರಾಮಗಳನ್ನೊಳಗೊಂಡ ಆಳಂದ ಸೀಮೆಯ ಮಹಾಸಂತೆಗೂ ಇದೇ ಗತಿಯಾಗುತ್ತಿದ್ದಿತು. ಅದರ ನೆನಪನ್ನು ಬರೆದಿಟ್ಟವನು ಈ ನಾಡಿನವನಲ್ಲ. ರಷ್ಯಾ ದೇಶದ ತ್ವೇರ್ ಪಟ್ಟಣದ ವರ್ತಕನಾದ ಅಫನಾಸಿ ನಿಕಿತಿನನು.

ಬಹಮನಿ ಮೂರನೆಯ ಮಹಮ್ಮದಶಾಹನು (1463-1482) ಬೀದರದಲ್ಲಿ ಆಳುತ್ತಿದ್ದು, ಮಹಮೂದ ಗವಾನನು ಮಂತ್ರಿಯಾಗಿದ್ದ ಕಾಲವದು. ಸುಮಾರು 1470ರ ವೇಳೆಗೆ ನಿಕಿತಿನನು ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು, ಚೌಲ ಬಂದರದಲ್ಲಿಳಿದನು. ಜುನ್ನರದ ಅಧಿಕಾರಿಯು ಆ ಕುದುರೆಯನ್ನು ಕಸಿದುಕೊಂಡು ಮತಾಂತರಕ್ಕೆ ಒತ್ತಾಯಿಸಿದನು. ಖುರಾಸಾನದ ಸಜ್ಜನನೊಬ್ಬನ ನೆರವಿನಿಂದ ಕುದುರೆಯೂ ಮತವೂ ಉಳಿದವು. ಕಡೆಗೆ ಅದನ್ನು ಬೀದರದಲ್ಲಿ ಮಾರಿದನು.

ಶೇಖ ಅಲಾವುದ್ದೀನರ ಸ್ಮರಣಾರ್ಥವಾಗಿ ವರ್ಷಕ್ಕೊಮ್ಮೆ 10 ದಿನಗಳ ಸಂತೆ ನೆರೆಯುವುದೆಂದೂ, ಹಿಂದೂಸ್ಥಾನದ ನಾನಾ ಕಡೆಗಳಿಂದ ವರ್ತಕರು ಬರುವರೆಂದೂ, 20,000 ಕುದುರೆಗಳವರೆಗೆ ಮಾರಾಟಕ್ಕೆ ತರಲ್ಪಡುವವೆಂದೂ, ಈ ದೇಶದಲ್ಲಿ ಇದಕ್ಕಿಂತ ಉತ್ತಮವಾದ ಸಂತೆಯಿಲ್ಲವೆಂದೂ ಅವನು ಬರೆದಿರುವನು. ಆ ಸ್ಥಳವು ಆಳಂದವೆಂದು ವಿದ್ವಾಂಸರು ಗುರುತಿಸಿರುವರು. ಲಾಡ್ಲೆ ಮಶಾಯಕರೆಂದು ಪ್ರಸಿದ್ಧರಾದ ಶೇಖ ಅಲಾವುದ್ದೀನರ ದರ್ಗಾ ಇಂದಿಗೂ ಅಲ್ಲಿರುವುದು.

ಈ ದೇಶದಲ್ಲಿ ಕುದುರೆಗಳು ಹುಟ್ಟುವುದಿಲ್ಲ, ಎತ್ತು ಎಮ್ಮೆಗಳೇ ಹುಟ್ಟುವವು, ಸವಾರಿಗೂ ಹೇರಿಗೂ ಅವೇ ಆಧಾರವೆಂದು ಅವನು ಕಂಡುಕೊಂಡನು. ಅಂದರೆ ಸುಲ್ತಾನನ ಸೈನ್ಯಕ್ಕೆ ಬೇಕಾದ ಕುದುರೆಯು ಪರದೇಶದ್ದು. ನಾಡಿನ ಹೊಟ್ಟೆಗೆ ಬೇಕಾದ ಎತ್ತು ನಾಡಿನದು. ಸಂತೆಯ ಕಾಲವನ್ನು ಅವನು ತನ್ನ ದೇಶದ ಅಕ್ಟೋಬರ 1ರ ಹಬ್ಬಕ್ಕೆ ಹೊಂದಿಸಿ ಹೇಳಿರುವನು. ಮಳೆಗಾಲ ಮುಗಿದು, ಎರೆಯ ಹೊಲಗಳಲ್ಲಿ ಹಿಂಗಾರು ಜೋಳದ ಬಿತ್ತಿಗೆ ಕೂಡುವ ಹದವದು. ಉರುಸು ಚಾಂದ್ರಮಾನವನ್ನು ಅನುಸರಿಸುವುದಾದರೆ ವರ್ಷವರ್ಷಕ್ಕೂ ದಿನವು ಹಿಂದೆ ಸರಿಯುವುದರಿಂದ, ಈ ಲೆಕ್ಕವನ್ನು ಅವನು ಕಂಡ ಕಾಲಕ್ಕೆ ಮಾತ್ರ ಅನ್ವಯಿಸತಕ್ಕದ್ದು.

ಇದೇ ನಿಕಿತಿನನು ಬೀದರದ ಹಿಂದೂ ಸ್ನೇಹಿತರೊಡನೆ ಶ್ರೀಶೈಲಕ್ಕೂ ಹೋಗಿ, ಅಲ್ಲಿ ಕರಿಯ ಕಲ್ಲಿನ ಬೃಹನ್ನಂದಿಯನ್ನೂ, ಅಪಾರ ಜನಸ್ತೋಮವನ್ನೂ, 5 ದಿನಗಳ ಸಂತೆಯನ್ನೂ ಕಂಡು ಬರೆದಿರುವನು. ಮಲ್ಲಿಕಾರ್ಜುನನ ಸನ್ನಿಧಿಯಾಗಲಿ, ಶೇಖರ ಸಮಾಧಿಯಾಗಲಿ, ಜನರು ಪುಣ್ಯಕ್ಕಾಗಿ ಕೂಡಿದಲ್ಲಿ ಕಾಯಕದ ಸರಕೂ ಕೂಡುತ್ತಿದ್ದಿತೆಂಬುದಕ್ಕೆ ಒಬ್ಬನೇ ಸಾಕ್ಷಿಯ ಈ ಎರಡು ಮಾತುಗಳು ಸಾಕು.

1481ರಲ್ಲಿ ಗವಾನನ ವಧೆಯಾಯಿತು. ಆ ಬಳಿಕ ಬಹಮನಿ ರಾಜ್ಯವು ಒಡೆದು ಐದಾಯಿತು. ಕುದುರೆಯ ವ್ಯಾಪಾರವು ಅರಮನೆಯ ಭಂಡಾರವನ್ನು ನಂಬಿದುದು. ಭಂಡಾರ ಬರಿದಾದಲ್ಲಿ ಅದಕ್ಕೆ ನೆಲೆಯಿಲ್ಲ. ಎತ್ತಿನ ವ್ಯಾಪಾರವು ನೇಗಿಲನ್ನು ನಂಬಿದುದು. ಆದುದರಿಂದಲೇ ಆ 20,000 ಕುದುರೆಗಳ ಸಂತೆಯು ಕಥಾಶೇಷವಾದರೂ, ಜಾತ್ರೆಗಳ ನೆರಳಿನಲ್ಲಿ ದನದ ಸಂತೆಗಳು ಬಹುಕಾಲ ಬಾಳಿದವು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಜನಿಸಿ, ಒಕ್ಕಲುತನ ಮಾಡುತ್ತಲೇ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಕಲಬುರಗಿಯ ಜಾತ್ರೆಗೆ ಹಳ್ಳಿಹಳ್ಳಿಗಳ ರೈತರು ಇಂದಿಗೂ ಬರುವುದು ಈ ನಂಟಿನಿಂದಲೇ.

ಪರದೇಶಿಯೊಬ್ಬನು ಬರೆದ ನಾಲ್ಕು ಸಾಲುಗಳಿಂದ ಆಳಂದದ ಸಂತೆಯು ಉಳಿಯಿತು. ನರೋಣಾದ ಅಂಗಳಗಳಲ್ಲಿ ಎತ್ತಿನ ಬೆಲೆ, ಬಂಡಿಯ ದಾರಿ, ಸಂತೆಯ ದಿನಗಳನ್ನು ಬಲ್ಲ ಹಿರಿಯರು ಇರುವಾಗಲೇ ಸದ್ಭಕ್ತರು ಅವನ್ನು ಕೇಳಿ ಬರೆದಿಡತಕ್ಕದ್ದು. ಕಾಯಕದ ಚರಿತ್ರೆಯನ್ನು ಕಾಯುವುದೂ ಗುರುಸೇವೆಯೇ ಸರಿ.