ಗಂಡಸರ ಸಂಚಿ

ಗಂಡಸು ಗೋಣಿಚೀಲ ಹೊತ್ತರೆ ನಮ್ಮ ಕಡೆ ಯಾರೂ ನಗುವುದಿಲ್ಲ. ಸಂತೆಯ ಕೈಚೀಲ ಹಿಡಿದರೂ ನಗುವುದಿಲ್ಲ. ಆದರೆ ಕಾಲೇಜು ಓದುವ ಹುಡುಗನೊಬ್ಬ ಎದೆಗೆ ಅಡ್ಡಲಾಗಿ ಪುಟ್ಟದೊಂದು ಬ್ಯಾಗು ಇಳಿಬಿಟ್ಟುಕೊಂಡು ಚಿತ್ರದುರ್ಗದ ಬಸ್ಸಿಳಿದು ಊರೊಳಗೆ ಬಂದನೆಂದರೆ ಸಾಕು, ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಅಂದಿನ ಹೊತ್ತು ಕಳೆಯಲು ವಿಷಯ ಸಿಕ್ಕಿದಂತೆಯೇ. “ಏನ್ಲಾ ಇದು, ಹೆಂಗಸ್ರಂಗೆ ಬ್ಯಾಗು ನೇತಾಕ್ಕೊಂಡಿದೀಯ?” ಎಂದು ಒಬ್ಬರಾದರೂ ಕೇಳುತ್ತಾರೆ. ಹುಡುಗ ನಾಚಿಕೊಂಡು ಮನೆಯ ದಾರಿ ಹಿಡಿಯುತ್ತಾನೆ.

ನನಗೆ ಮಾತ್ರ ಆ ಪ್ರಶ್ನೆ ಕೇಳಿದಾಗಲೆಲ್ಲ ಒಳಗೊಳಗೇ ನಗು ಬರುತ್ತದೆ. ಹಾಗೆ ಕೇಳುವ ಹಿರಿಯರ ಅಪ್ಪಂದಿರು, ಅಜ್ಜಂದಿರು ಚೀಲವಿಲ್ಲದೆ ಒಂದು ದಿನವೂ ಹೊಸ್ತಿಲು ದಾಟಿದವರಲ್ಲ. ನಮ್ಮ ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಊರು. ಹತ್ತಿರದಲ್ಲೇ ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರವಿದೆ, ಅತ್ತ ಹೊಳಲ್ಕೆರೆಯ ಅಡಿಕೆ ತೋಟಗಳು. ಇಂಥ ಸೀಮೆಯಲ್ಲಿ ಗಂಡಸು ಎಂದರೆ ಅವನ ಸೊಂಟದಲ್ಲೊಂದು ಎಲೆಅಡಿಕೆ ಸಂಚಿ ಇರಲೇಬೇಕು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಸೊಂಟಕ್ಕೆ ಸಂಚಿ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಅವನು ಅರ್ಧ ಉಟ್ಟವನಂತೆ ಕಾಣುತ್ತಿದ್ದ.

ಸಂಚಿ ಎಂದರೆ ಇವತ್ತಿನ ಮಕ್ಕಳಿಗೆ ತಿಳಿಯಲಿಕ್ಕಿಲ್ಲ. ಗೇಣುದ್ದದ ಬಟ್ಟೆಯ ಚೀಲ ಅದು. ಒಳಗೆ ನಾಲ್ಕೈದು ಖಾನೆಗಳು. ಒಂದರಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಸುಣ್ಣದ ಡಬ್ಬಿ, ಇನ್ನೊಂದರಲ್ಲಿ ಹೊಗೆಸೊಪ್ಪು. ಎಲ್ಲಕ್ಕಿಂತ ಒಳಗಿನ ಖಾನೆಯಲ್ಲಿ ಚಿಲ್ಲರೆ ಕಾಸು, ಮಡಚಿ ಮಡಚಿ ಸವೆದ ಒಂದೆರಡು ನೋಟು, ಕಂದಾಯ ಕಟ್ಟಿದ ಚೀಟಿ, ಪೆಟ್ಟಿಗೆಯ ಬೀಗದ ಕೈ. ಬಾಯಿಗೆ ದಾರ. ಎಳೆದರೆ ಮುಚ್ಚಿಕೊಳ್ಳುತ್ತದೆ, ಸಡಿಲಿಸಿದರೆ ತೆರೆದುಕೊಳ್ಳುತ್ತದೆ. ಇಂದಿನ ವ್ಯಾನಿಟಿ ಬ್ಯಾಗಿಗೆ ಜಿಪ್ಪು ಇದೆ ಎನ್ನುವುದೊಂದು ಬಿಟ್ಟರೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸ ನನಗೇನೂ ಕಾಣುವುದಿಲ್ಲ.

ಸಂಚಿ ಬರೀ ಬಾಯಿ ಕೆಂಪಾಗಿಸುವ ಸಾಧನವಾಗಿರಲಿಲ್ಲ. ದಾರಿಯಲ್ಲಿ ಇಬ್ಬರು ಎದುರಾದರೆ ಒಬ್ಬ ಸಂಚಿ ಬಿಚ್ಚುತ್ತಿದ್ದ, ಅಲ್ಲೇ ಮಾತು ಶುರು. ಮಳೆ ಬೆಳೆಯಿಂದ ಹಿಡಿದು ಹೆಣ್ಣು ಗಂಡಿನ ಸಂಬಂಧದವರೆಗೆ ಎಷ್ಟೋ ಮಾತು ಸಂಚಿ ಬಿಚ್ಚಿದ ಮೇಲೆಯೇ ಕುದುರುತ್ತಿತ್ತು. ಎಲೆಅಡಿಕೆ ಬದಲಾಯಿಸಿಕೊಂಡರೆ ಮಾತು ಮುಗಿದ ಹಾಗೆ, ಮತ್ತೆ ತಪ್ಪುವಂತಿಲ್ಲ. ಆದರೆ ಆ ಸಂಚಿಯಿಂದ ಎಲ್ಲರ ಕೈಗೂ ಎಲೆ ಒಂದೇ ರೀತಿ ಬರುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಕೆಲವರ ಕೈಗೆ ಕೊಡುತ್ತಿದ್ದರು, ಕೆಲವರ ಕೈಗೆ ಮೇಲಿನಿಂದ ಹಾಕುತ್ತಿದ್ದರು. ಊರಿನ ಮೇಲುಕೀಳು ಸಂಚಿಯ ಬಾಯಲ್ಲೂ ಕೂತಿತ್ತು.

ಗಂಡಸಿಗೆ ಚೀಲ ಯಾಕೆ ಬೇಕಾಯಿತು? ಉತ್ತರ ಬಹಳ ಸರಳ. ಪಂಚೆಗೆ ಜೇಬಿಲ್ಲ. ಕಂಬಳಿಗೂ ಇಲ್ಲ. ಜೇಬಿಲ್ಲದ ಬಟ್ಟೆ ಉಟ್ಟವರೆಲ್ಲ, ಗಂಡಸಾಗಲಿ ಹೆಂಗಸಾಗಲಿ, ಚೀಲ ಕಟ್ಟಿಕೊಳ್ಳಲೇಬೇಕು. ದೂರದ ಸ್ಕಾಟ್ಲೆಂಡಿನ ಗಂಡಸರು ನೆರಿಗೆಯ ಲಂಗದಂಥ ಕಿಲ್ಟ್ ಉಡುತ್ತಾರೆ. ಅದಕ್ಕೂ ಜೇಬಿಲ್ಲ. ಅವರು ಸೊಂಟದ ಮುಂದೆ ಸ್ಪೊರನ್ ಎಂಬ ತೊಗಲಿನ ಚೀಲ ಇಳಿಬಿಟ್ಟುಕೊಳ್ಳುತ್ತಾರೆ. ನಮ್ಮ ಸಂಚಿಗೂ ಅದಕ್ಕೂ ನೆಂಟಸ್ತನವೇನಿಲ್ಲ, ಆದರೆ ಕಾರಣ ಒಂದೇ.

ಉಳಿದ ಯುರೋಪಿನಲ್ಲೂ ಮೊದಲು ಗಂಡಸರೇ ನಡುಪಟ್ಟಿಗೆ ಹಣದ ಚೀಲ ತೂಗುಹಾಕಿಕೊಂಡು ಓಡಾಡುತ್ತಿದ್ದರು. ಆಗಿನ ಕಳ್ಳರು ಜೇಬಿಗೆ ಕೈ ಹಾಕುತ್ತಿರಲಿಲ್ಲ, ಚೀಲದ ದಾರ ಕತ್ತರಿಸುತ್ತಿದ್ದರು. 17ನೇ ಶತಮಾನದ ಉತ್ತರಾರ್ಧದಲ್ಲಿ ಗಂಡಸರ ಕೋಟಿಗೆ ಜೇಬು ಹೊಲಿಯುವುದು ಬಳಕೆಗೆ ಬಂತು. ಚೀಲ ಬಟ್ಟೆಯೊಳಗೆ ಸೇರಿಹೋಯಿತು. ಹೆಂಗಸರಿಗೆ ಮಾತ್ರ ದಾರದಲ್ಲಿ ಸೊಂಟಕ್ಕೆ ಕಟ್ಟಿ ಲಂಗದೊಳಗೆ ಅಡಗಿಸಿಡುವ ಪ್ರತ್ಯೇಕ ಜೇಬೇ ಉಳಿಯಿತು. 1790ರ ಸುಮಾರಿಗೆ ಮೈಗಂಟುವ ತೆಳುವಾದ ಉಡುಪಿನ ಕಾಲ ಬಂದಾಗ ಆ ಜೇಬಿಗೂ ಜಾಗವಿಲ್ಲದಂತಾಗಿ, ಅವರು ಪುಟ್ಟ ಚೀಲವನ್ನು ಕೈಯಲ್ಲಿ ಹಿಡಿದರು. ಆಗಲೂ ಜನ ಅದನ್ನು ಗೇಲಿ ಮಾಡಿದರಂತೆ! ಹೆಂಗಸರ ಬ್ಯಾಗು ಹೀಗೆ ಅಲಂಕಾರಕ್ಕೆಂದು ಹುಟ್ಟಿದ್ದಲ್ಲ, ಜೇಬು ಸಿಗದೆ ಹುಟ್ಟಿದ್ದು.

ನಮ್ಮಲ್ಲಿ ಎಲೆಅಡಿಕೆಗೆ ಸಂಚಿ ಇದ್ದಂತೆ ಹಣಕ್ಕೆ ಹಮ್ಮಿಣಿ ಇತ್ತು. ಉದ್ದನೆಯ ಕಿರಿದಾದ ಚೀಲ, ನಾಣ್ಯ ತುಂಬಿ ಸೊಂಟಕ್ಕೆ ಸುತ್ತಿ ಕಟ್ಟಿಕೊಂಡು ಮೇಲೆ ಬಟ್ಟೆ ಮುಚ್ಚುವುದು. ದಾರಿ ನಡೆಯುವ ವರ್ತಕರಿಗೆ ಹಸಿಬೆ ಚೀಲ. ನಡುವೆ ಬಾಯಿ, ಎರಡೂ ತುದಿಗೆ ಹೊಟ್ಟೆ, ಹೆಗಲ ಮೇಲೆ ಮುಂದೊಂದು ಹಿಂದೊಂದಾಗಿ ಇಳಿಬೀಳುವಂಥದು. ಜಂಗಮರಿಗೆ ಜೋಳಿಗೆ. ಒಬ್ಬ ಗಂಡಸಿನ ಚೀಲ ನೋಡಿ ಅವನ ಕಸುಬು ಹೇಳಬಹುದಿತ್ತು.

ದೊಡ್ಡವರು ಮಾತ್ರ ತಮ್ಮ ಚೀಲವನ್ನು ತಾವೇ ಹೊರುತ್ತಿರಲಿಲ್ಲ. ಎಲೆಅಡಿಕೆಯ ಚೀಲಕ್ಕೆ ಹಡಪ ಎಂದೂ ಹೆಸರು, ಅದನ್ನು ಹೊತ್ತು ಬೆನ್ನ ಹಿಂದೆ ನಡೆಯುವವನು ಹಡಪಿಗ. 12ನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಹಡಪದ ಕಾಯಕ ಮಾಡಿದ ಅಪ್ಪಣ್ಣ ಹಡಪದ ಅಪ್ಪಣ್ಣನೆಂದೇ ಉಳಿದ, ಸ್ವತಃ ವಚನಕಾರನಾದ. ಅವನ ಹೆಂಡತಿ ಲಿಂಗಮ್ಮ ಕೂಡ ವಚನ ಬರೆದಳು, ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’ ಎಂದು ಗಂಡನ ಹೆಸರನ್ನು ಅಂಕಿತದಲ್ಲಿ ಇಟ್ಟುಕೊಂಡಳು. ಸುಮಾರು ಐನೂರು ವರ್ಷಗಳ ನಂತರ ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಗಂಡನ ಸೇವೆಯ ಧರ್ಮ ಹೇಳುತ್ತ ಹೇಳುತ್ತಲೇ, ಹೆಣ್ಣೆಂದು ಹಳಿಯುವವರಿಗೆ ನಿಮ್ಮನ್ನು ಹೆತ್ತವಳು ಯಾರೆಂದು ಕೇಳಿದವಳು ಅವಳು. ಜನ ಅವಳನ್ನು ಕರೆದದ್ದು ಸಂಚಿ ಹೊನ್ನಮ್ಮ ಎಂದೇ. ಇಬ್ಬರ ಹೆಸರಿನಲ್ಲೂ ಚೀಲವಿದೆ. ಇಬ್ಬರೂ ಹೊತ್ತದ್ದು ಬೇರೆಯವರ ಚೀಲ. ಆ ಚೀಲದ ಒಡೆಯರಾರೂ ಚೀಲದಿಂದ ಹೆಸರು ಪಡೆಯಲಿಲ್ಲ ಎಂಬುದನ್ನು ಗಮನಿಸಬೇಕು.

ಚೀಲದ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ತೋರುತ್ತದೆ. ಚೀಲ ಯಾರ ಹೆಗಲಲ್ಲಿದೆ ಎನ್ನುವುದಲ್ಲ, ಒಳಗಿರುವುದರ ಒಡೆತನ ಯಾರದು ಎನ್ನುವುದು.

ನಮ್ಮ ಅಜ್ಜನ ಸಂಚಿ ಹೊಲಿದವಳು ನಮ್ಮ ಅಜ್ಜಿ. ಮಿಕ್ಕ ಕುಪ್ಪಸದ ಕಣ, ಹಳೆಯ ಸೀರೆಯ ಅಂಚು, ಕೌದಿಗೆ ಎತ್ತಿಟ್ಟ ಚೂರು, ಎಲ್ಲ ಸೇರಿಸಿ ಒಂದೊಂದು ಖಾನೆಗೆ ಒಂದೊಂದು ಬಣ್ಣ. ತಾಂಡಾಗಳ ಲಂಬಾಣಿ ಹೆಂಗಸರೂ ಕವಡೆ, ಕನ್ನಡಿ ಕೂಡಿಸಿ ಚೀಲ ಹೊಲಿಯುವುದರಲ್ಲಿ ಎತ್ತಿದ ಕೈ. ಸಂಡೂರಿನ ಲಂಬಾಣಿ ಕಸೂತಿಗೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಗಂಡಸರ ಸೊಂಟದಲ್ಲಿದ್ದುದು ಹೆಂಗಸರ ಕೈಕೆಲಸ. ಆದರೆ ಒಳಗಿನ ಬೀಗದ ಕೈ ಹೊಲಿದವಳದಾಗಿರಲಿಲ್ಲ. ಎಣ್ಣೆಗೆ ಎರಡಾಣೆ ಬೇಕಾದರೂ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಜ್ಜ ಸಂಚಿಯ ದಾರ ಸಡಿಲಿಸುವವರೆಗೆ ಕಾಯಬೇಕಿತ್ತು. ಅವಳ ಖಜಾನೆ ಎಂದರೆ ಸೆರಗಿನ ಗಂಟು ಮತ್ತು ಸಾಸಿವೆ ಡಬ್ಬಿ.

1970ರ ದಶಕದ ಕೊನೆಯಲ್ಲಿ ಅಜ್ಜ ತೀರಿಕೊಂಡರು. ತಿಥಿಯ ಮಾರನೆಯ ದಿನ ಪಡಸಾಲೆಯಲ್ಲಿ ಸಂಚಿ ಬಿಚ್ಚಿದರು. ಬೀಗದ ಕೈ ದೊಡ್ಡಪ್ಪನ ಕೈಗೆ ಹೋಯಿತು, ಚೀಟಿಗಳನ್ನು ಅಪ್ಪ ಓದಿದರು. ಐವತ್ತು ವರ್ಷ ಆ ಮನೆ ನಡೆಸಿದ ಅಜ್ಜಿಯನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಅವಳೇ ಕೈ ಚಾಚಿ, “ಒಳಗಿದ್ದದ್ದು ನಿಮ್ದು, ಚೀಲ ನಂದು. ಅದನ್ನ ಕೊಡ್ರಪ್ಪ, ಸಾಕು” ಎಂದಳು. ಖಾಲಿ ಸಂಚಿಯನ್ನು ಮಡಚಿ ತನ್ನ ಸೀರೆಗಳ ನಡುವೆ ಇಟ್ಟುಕೊಂಡಳು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅವಳ ದನಿಯಲ್ಲಿ ಸಿಟ್ಟಿತ್ತೋ ದುಃಖವಿತ್ತೋ ಇಂದಿಗೂ ಗೊತ್ತಾಗಿಲ್ಲ.

ಅಪ್ಪನ ಕಾಲಕ್ಕೆ ಸಂಚಿ ಬೇಕಿರಲಿಲ್ಲ. ಮೊದಲು ಪಟ್ಟಾಪಟ್ಟಿ ಚಡ್ಡಿಗೆ ದೊಡ್ಡ ಜೇಬು ಬಂತು, ಆಮೇಲೆ ಬನಿಯನ್ನಿಗೆ ಕಳ್ಳಜೇಬು, ಅಂಗಿಗೆ ಎದೆಜೇಬು, ಪ್ಯಾಂಟಿಗೆ ಹಿಂಜೇಬು. ಚಿತ್ರದುರ್ಗದ ದರ್ಜಿ ಒಂದೇ ಜೊತೆ ಬಟ್ಟೆಗೆ ನಾಲ್ಕೈದು ಜೇಬು ಹೊಲಿದುಕೊಟ್ಟ. ಸಂಚಿಯಲ್ಲಿದ್ದ ಕಾಸು, ಚೀಟಿ, ಬೀಗದ ಕೈ ಎಲ್ಲ ಜೇಬಿಗೆ ಜಾರಿದವು. ಜೇಬಿಗೆ ಹಿಡಿಯದ ಸಾಮಾನು ಮಾತ್ರ ಹೊರಗುಳಿಯಿತು. ಅದೇ ಹೊತ್ತಿಗೆ ನಮ್ಮೂರ ಹೆಣ್ಣುಮಕ್ಕಳು ಮೇಡಂ ಆಗಿ, ನರ್ಸ್ ಆಗಿ, ಕಛೇರಿಯ ಗುಮಾಸ್ತೆಯಾಗಿ ಹೆಗಲಿಗೆ ವ್ಯಾನಿಟಿ ಬ್ಯಾಗು ಏರಿಸಿದರು. ಮೊದಲ ಸಂಬಳ ಬಿದ್ದದ್ದು ಅದೇ ಬ್ಯಾಗಿಗೆ. ಸಂಬಳ ಇಲ್ಲದವರ ಬ್ಯಾಗಿಗೂ ಸಂತೆಯ ಲೆಕ್ಕದ ಹಣ ಬಂತು. ಸಾಸಿವೆ ಡಬ್ಬಿಯಿಂದ ಬ್ಯಾಗಿನವರೆಗಿನ ಈ ಪ್ರಯಾಣ ಸಣ್ಣದಲ್ಲ.

ಆದರೆ ಅದರ ಜೊತೆಗೆ ಇನ್ನೇನೇನು ಬಂದವು ನೋಡಿ. ಮಗುವಿನ ಬಿಸ್ಕತ್ತು, ನೀರಿನ ಬಾಟಲಿ, ಅತ್ತೆಯ ಮಾತ್ರೆ, ಎಲ್ಲರ ಕರವಸ್ತ್ರ, ಮನೆಯ ಕೀಲಿ. ಕೊನೆಗೆ ಗಂಡನ ಕನ್ನಡಕ ಮತ್ತು ಅವನ ಪರ್ಸು, “ಜೇಬು ಉಬ್ಬುತ್ತೆ, ನಿನ್ನ ಬ್ಯಾಗಲ್ಲಿ ಹಾಕ್ಕೋ” ಎಂಬ ಮಾತಿನೊಡನೆ. ಮದುವೆ ಮನೆಗೆ ಹೊರಟ ಯಾವ ಗೃಹಿಣಿಯ ಬ್ಯಾಗನ್ನಾದರೂ ಬಿಚ್ಚಿ ನೋಡಿ, ಅದರಲ್ಲಿ ಅವಳದೇ ಆದ ವಸ್ತು ಎಷ್ಟು? ಅದೇ ಬ್ಯಾಗನ್ನು ಬಸ್ ನಿಲ್ದಾಣದಲ್ಲಿ ಎರಡು ನಿಮಿಷ ಹಿಡಿದುಕೊಳ್ಳಿ ಎಂದರೆ ಗಂಡ ಅದನ್ನು ಸತ್ತ ಕೋಳಿಯಂತೆ ಮೈಯಿಂದ ದೂರ ಹಿಡಿದು, ಇದು ನನ್ನದಲ್ಲ ಎಂದು ಲೋಕಕ್ಕೆಲ್ಲ ಕಾಣುವಂತೆ ನಿಲ್ಲುತ್ತಾನೆ!

ಕೆಲಸದ ಚೀಲಕ್ಕೆ ಈ ನಾಚಿಕೆ ಇಲ್ಲ. ಅಂಚೆಯಣ್ಣನ ಖಾಕಿ ಚೀಲಕ್ಕೆ ಊರೇ ಕಾಯುತ್ತಿತ್ತು. ಪಿಗ್ಮಿ ಕಲೆಕ್ಟರ ಬ್ಯಾಗು ಹಿಡಿದು ಬಾಗಿಲಿಗೆ ಬಂದರೆ ಗೃಹಿಣಿಯರಿಗೆ ಅವನು ಅಣ್ಣನ ಸಮಾನ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಆ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಅದು ಕಲಿಸಿದ ಉಳಿತಾಯ ಎಷ್ಟೋ ಮನೆಗಳಲ್ಲಿ ಮಗಳ ಕಿವಿಯ ಓಲೆಯಾಗಿ ಉಳಿದಿದೆ. ಇನ್ನು ಬಸ್ ಕಂಡಕ್ಟರರ ತೊಗಲು ಚೀಲವಂತೂ ಅಧಿಕಾರದ ಗುರುತೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳು ಆ ಚೀಲಕ್ಕೆ ಕಾಸು ಹಾಕದೆಯೇ ಸರ್ಕಾರಿ ಬಸ್ಸಿನಲ್ಲಿ ದುರ್ಗಕ್ಕೆ ಹೋಗಿಬರುತ್ತಾರೆ. ಬಸ್ಸಿನ ಕಾಸಿಗೆ ಗಂಡನ ಜೇಬಿನತ್ತ ನೋಡುವ ಕೆಲಸ ತಪ್ಪಿದ್ದು ಅನೇಕರಿಗೆ ದೊಡ್ಡ ಬಿಡುಗಡೆ.

ಸಂಚಿ ಹೋಯಿತು, ಅದರೊಳಗಿನ ಚಟ ಹೋಗಲಿಲ್ಲ. 1980ರ ದಶಕದಿಂದ ಗುಟ್ಕಾದ ಸ್ಯಾಷೆಗಳು ಅಂಗಿಯ ಎದೆಜೇಬಿಗೆ ಬಂದವು. ಸಂಚಿ ಬಿಚ್ಚಲು ಕೂರಬೇಕಿತ್ತು, ಅಡಿಕೆ ಕತ್ತರಿಸಬೇಕಿತ್ತು, ಪಕ್ಕದವನಿಗೆ ಕೊಡಬೇಕಿತ್ತು. ಸ್ಯಾಷೆಗೆ ಅದಾವುದೂ ಬೇಡ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಹಾಗೆಂದು ಸಂಚಿಯನ್ನು ಹೊಗಳಲೂ ಆಗದು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆಯೇ ಅನ್ನವಾಗಿರುವ ನಮ್ಮ ಸೀಮೆಗೆ ಇದು ನುಂಗಲಾರದ ತುತ್ತು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಜೋಳಿಗೆ ಒಡ್ಡಿ, ಕಾಳು ಕಾಸು ಬೇಡದೆ, ನಿಮ್ಮ ದುಶ್ಚಟಗಳನ್ನು ಇದಕ್ಕೆ ಹಾಕಿ ಎಂದು ಬೇಡಿದರು. ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಗಂಡಸರು ಹೊತ್ತ ಚೀಲಗಳಲ್ಲೆಲ್ಲ ಆ ಜೋಳಿಗೆಗೆ ನಾನು ಮೊದಲ ಮಣೆ ಹಾಕುತ್ತೇನೆ. ಯಾಕೆಂದರೆ ಅದು ತುಂಬಿದಷ್ಟೂ ಯಾವುದೋ ಮನೆಯ ಹೆಣ್ಣುಮಗಳ ಭಾರ ಇಳಿಯುತ್ತಿತ್ತು.

ಈಗ ಹುಡುಗರ ಎದೆಯ ಮೇಲೆ ಮತ್ತೆ ಚೀಲ ಬಂದಿದೆ. ದೊಡ್ಡ ಫೋನು ಪ್ಯಾಂಟಿನ ಜೇಬಿಗೆ ಹಿಡಿಯುವುದಿಲ್ಲ, ಅದಕ್ಕೆ ಚಾರ್ಜರು ಬೇರೆ. ಮತ್ತೆ ಅದೇ ಹಳೆಯ ಕಾರಣ, ಜೇಬು ಸಾಲದು. ನಗುವವರು ನಗಲಿ. ತಾಯಂದಿರಾದ ನಾವು ಮಾತ್ರ ಮಗನ ಬ್ಯಾಗು ಹೆಂಗಸರದಂತಿದೆಯೋ ಗಂಡಸರದಂತಿದೆಯೋ ಎಂದು ನೋಡುತ್ತ ಕೂರುವುದು ಬೇಡ. ಊರಿಗೆ ಹೊರಟಾಗ ಮಗುವಿನ ಹಾಲಿನ ಬಾಟಲಿ, ಅಜ್ಜಿಯ ಮಾತ್ರೆ ಅವನ ಬ್ಯಾಗಿಗೂ ಸೇರುತ್ತದೆಯೇ ಎಂದು ನೋಡೋಣ. ಸೇರದಿದ್ದರೆ ನಾವೇ ತೆಗೆದು ಹಾಕೋಣ. ಹೇಗೂ ಜಿಪ್ಪು ಇದೆಯಲ್ಲ!